ನಾಲ್ಕನೆಯ ಹಲಗೆ

ಒಂದು ನಿಮಿಷ, ಎದ್ದು ಹೋಗಬೇಡಿ. ಇದನ್ನು ಕೊನೆಯವರೆಗೆ ಕೇಳಿಸಿಕೊಳ್ಳಿ, ಯಾಕೆಂದರೆ ಕೊನೆಯಲ್ಲಿ ನಿಮ್ಮಿಂದ ನನಗೊಂದು ಸಹಾಯ ಬೇಕು. ಎಲ್ಲಿಂದ ಶುರು ಮಾಡಲಿ? ಗರಗಸದಿಂದ ಶುರು ಮಾಡಿದರೆ ಅಂಗಡಿಯ ಜಾಹೀರಾತು ಎಂದುಕೊಳ್ಳುತ್ತೀರಿ. ಸತ್ತವನಿಂದ ಶುರು ಮಾಡಿದರೆ ದೆವ್ವದ ಕಥೆ ಎಂದು ಮುಖ ಸಿಂಡರಿಸುತ್ತೀರಿ. ಬೆರಳಿನಿಂದ ಶುರು ಮಾಡೋಣವೆಂದರೆ... ಬೇಡ. ಬೆರಳಿನ ವಿಷಯ ಆಮೇಲೆ.

೧

ವಿಸ್ಕಾನ್ಸಿನ್‌ನ ಓ ಕ್ಲೇರ್ ಎಂಬ ಅಮೆರಿಕದ ಊರು, ಫೆಬ್ರವರಿ. ನಮ್ಮ ಬೀದಿಯಲ್ಲಿ ಒಂದೇ ಒಂದು ಮನೆಯ ಕಾರು ಚಳಿಗಾಲವಿಡೀ ಹಿಮದಲ್ಲಿ ನಿಂತಿರುತ್ತದೆ, ಏಕೆಂದರೆ ಆ ಮನೆಯ ಗ್ಯಾರೇಜು ಮರದ ಕೆಲಸಕ್ಕೆ ಮೀಸಲು. ಮನೆ ಆರ್ಡಿಸ್ ಹೋವ್‌ಲ್ಯಾಂಡ್‌ಳದ್ದು. ಅರವತ್ತೊಂದು ವರ್ಷ, ಅಂಚೆ ಕಚೇರಿಯಿಂದ ನಿವೃತ್ತಳು. ಮಗಳು ಬ್ರಿಟಾ ಕಿವುಡು ಮಕ್ಕಳ ಶಾಲೆಯಲ್ಲಿ ಕೈಸನ್ನೆಯ ದುಭಾಷಿ. ಪಾಠ, ಬೈಗುಳ, ಜೋಕು, ಎಲ್ಲವೂ ಅವಳ ಹತ್ತು ಬೆರಳಲ್ಲಿ. ಆರ್ಡಿಸಳ ಗಂಡ ಓರಿನ್ ಎರಡು ವರ್ಷದ ಹಿಂದೆ ತೀರಿಕೊಂಡ.

(ಈ ಕೊನೆಯ ವಾಕ್ಯ ಬರೆಯಲು ನನಗೆ ನಾಲ್ಕು ಸೆಕೆಂಡು ಹಿಡಿಯಿತು. ಕಥೆಗೆ ಒಬ್ಬ ಸತ್ತವನು ಬೇಕಿತ್ತು, ಇವನು ಕೈಗೆ ಸಿಕ್ಕ. ನೆನಪಿಟ್ಟುಕೊಳ್ಳಿ.)

ಗ್ಯಾರೇಜಿನ ನಡುವೆ ಓರಿನ್‌ನ ಟೇಬಲ್ ಗರಗಸ. ಎರಕದ ಕಬ್ಬಿಣದ ಮೇಜು, ನಡುವಿನ ಸೀಳಿನಿಂದ ತಲೆ ಎತ್ತಿದ ದುಂಡನೆಯ ಬ್ಲೇಡು. ಒಂದು ಮಧ್ಯಾಹ್ನ ಅದು ಅವನ ಎಡಗೈಯ ಎರಡು ಬೆರಳನ್ನು ತೆಗೆದುಕೊಂಡಿತು. ಆಮೇಲೂ ಹತ್ತೊಂಬತ್ತು ವರ್ಷ ಅವನು ಅದರಲ್ಲೇ ಕೊಯ್ದ. ಇಲ್ಲಿಯ ಮರಗೆಲಸದವರಿಗೆಲ್ಲ ಇರುವ ಚಟ ಅವನಿಗೂ ಇತ್ತು: ನಿಕಲ್ ಎಂಬ ಐದು ಸೆಂಟಿನ ನಾಣ್ಯವನ್ನು ಮೇಜಿನ ಮೂಲೆಯಲ್ಲಿ ಅಂಚಿನ ಮೇಲೆ ನಿಲ್ಲಿಸಿ ಸ್ವಿಚ್ ಒತ್ತುವುದು. ನಾಣ್ಯ ಬೀಳದಿದ್ದರೆ ಗರಗಸ ನಡುಗುತ್ತಿಲ್ಲ ಎಂದರ್ಥ. ಕೆಲಸ ಮುಗಿದಾಗ ಓರಿನ್ ಮೊದಲು ನಾಣ್ಯವನ್ನು ಬೆರಳಿನಿಂದ ಮೆಲ್ಲಗೆ ಮಲಗಿಸುತ್ತಿದ್ದ, ಆಮೇಲೆ ಸ್ವಿಚ್ ಆರಿಸುತ್ತಿದ್ದ. ಆ ಕ್ರಮ ಒಂದು ದಿನವೂ ತಪ್ಪಿದ್ದಿಲ್ಲ.

ಅಟ್ಟದ ತೊಲೆಗಳ ಮೇಲೆ ಅವನು ಹನ್ನೆರಡು ವರ್ಷದ ಹಿಂದೆ ಒಣಗಲು ಇಟ್ಟಿದ್ದ ವಾಲ್ನಟ್ ಹಲಗೆಗಳಿದ್ದವು. ಅವುಗಳಿಂದ ಒಂದು ಊಟದ ಮೇಜು ಮಾಡಬೇಕೆಂದು ಬ್ರಿಟಾಗೆ ಆಸೆ.

"ಅಪ್ಪನ ಗರಗಸ ಇದ್ಯಲ್ಲಮ್ಮ, ಇನ್ನೊಂದು ಯಾಕೆ?"

"ಅದು ನಿಮ್ಮಪ್ಪನ ಎರಡು ಬೆರಳು ತಿಂದು ಕೂತಿದೆ ಕಣೇ. ಬಾಕಿ ಲೆಕ್ಕ ನಿನ್ನ ಹತ್ರ ಕೇಳತ್ತೆ. ಸುಮ್ನೆ ಕಾರು ಹತ್ತು."

೨

ಅಂಗಡಿಯ ಲೋವೆಲ್ ಮೊದಲು ತೋರಿಸಿದ್ದು ದೋಣಿಯಷ್ಟು ಉದ್ದದ ಜರ್ಮನ್ ಗರಗಸ. ("ಇದನ್ನಿಟ್ರೆ ನಾನು ಬೀದೀಲಿ ಮಲಗ್ಬೇಕು," ಎಂದಳು ಆರ್ಡಿಸ್.) ಎರಡನೆಯದರ ಮೇಜು ಕನ್ನಡಿಯಂತಿತ್ತು, ಆದರೆ ಬೆರಳಿಗೆ ಕಾವಲಿರಲಿಲ್ಲ. ಮೂರನೆಯದರ ಮುಂದೆ ಅವನ ದನಿಯೇ ಇಳಿಯಿತು.

"ಇದಕ್ಕೆ ಚರ್ಮ ಗೊತ್ತಾಗತ್ತೆ."

"ಹೆಂಗಪ್ಪಾ?"

"ಬ್ಲೇಡಲ್ಲಿ ಸಣ್ಣ ಕರೆಂಟ್ ಇರತ್ತೆ. ಒಣಮರ ಅದನ್ನ ಎಳ್ಕೊಳಲ್ಲ, ಮನುಷ್ಯ ಎಳ್ಕೊತಾನೆ. ಚರ್ಮ ತಾಗಿದ್ ಕೂಡ್ಲೇ ಒಳಗಿನ ಡಬ್ಬಿಯಿಂದ ಅಲ್ಯೂಮಿನಿಯಂ ಗಟ್ಟಿ ಹಾರಿ ಬ್ಲೇಡನ್ನ ಕಚ್ಚತ್ತೆ. ಅದೇ ಬ್ರೇಕು. ನೋಡಿ."

ಬೆರಳಿನ ಬದಲಿಗೆ ಬ್ರಾಟ್ ಎಂಬ ಮಾಂಸದ ಸಾಸೇಜನ್ನು ಹಲಗೆಯ ಮೇಲಿಟ್ಟು, ತಿರುಗುವ ಬ್ಲೇಡಿಗೆ ತಳ್ಳಿದ. ಢಬ್! ಬ್ಲೇಡು ಮೇಜಿನೊಳಗೆ ಮಾಯ. ಸಾಸೇಜಿನ ಮೇಲೆ ಬೆಕ್ಕು ಪರಚಿದಷ್ಟು ಗೀರು.

"ಈಗ ಅದನ್ನ ಯಾರು ತಿಂತಾರೆ?" ಎಂದಳು ಆರ್ಡಿಸ್.

"ನಾನೇ. ನಂಚ್ಕೊಳಕ್ಕೆ ಸಾಸಿವೆ ಸಾಸು ಮನೆಯಿಂದ ತಂದಿದೀನಿ." ಆಮೇಲೆ ಒಂದು ಹಳದಿ ಕೀ ತೋರಿಸಿದ. "ಒಂದೇ ತೊಂದ್ರೆ. ಹಸಿಮರವನ್ನೂ ಚರ್ಮ ಅಂದ್ಕೊಳತ್ತೆ. ಆಗ ಈ ಕೀ ತಿರುಗಿಸಿ. ಬ್ರೇಕು ನಿದ್ದೆ ಹೋಗತ್ತೆ."

"ನಿದ್ದೆ ಹೋದಾಗ ಬೆರಳು ತಾಗಿದ್ರೆ?"

ಲೋವೆಲ್ ಸಾಸೇಜು ಕಚ್ಚುತ್ತ ಹೇಳಿದ: "ಆಗ ಇದೂ ನಿಮ್ಮನೇದರ ಥರಾನೇ."

ಆರ್ಡಿಸ್ ಮೂರನೆಯದನ್ನೇ ಆರಿಸಿದಳು. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಗರಗಸ ಆರಿಸುವುದಷ್ಟೇ ತಾನೆ ವಿಷಯ?

೩ (ಅಳಿಸಿದ್ದು)

ಮುಗಿಸಲಿಲ್ಲ ನಾನು. ಗರಗಸ ಬಂದ ಮೇಲೆ ರಕ್ತ ಬರದಿದ್ದರೆ ಅದೆಂಥ ಕಥೆ ಎನ್ನಿಸಿತು. ಹಾಗಾಗಿ ಮೊದಲ ಕರಡಿನಲ್ಲಿ ಬ್ರಿಟಾ ಹಲಗೆ ಹಸಿಯಿರಬಹುದೆಂದು ಕೀ ತಿರುಗಿಸುತ್ತಾಳೆ. ಮೂರು ಹಲಗೆ ಸರಾಗ. ನಾಲ್ಕನೆಯದರಲ್ಲಿ ಎಡಗೈ ಜಾರುತ್ತದೆ. ಎರಡು ಬೆರಳು. ಅಪ್ಪ ಕಳೆದುಕೊಂಡ ಅದೇ ಎರಡು ಬೆರಳು! ಆ ಹೊಂದಾಣಿಕೆ ನನಗೆಷ್ಟು ಹಿಡಿಸಿತೆಂದರೆ ಕುರ್ಚಿಯಿಂದ ಎದ್ದು ಒಂದು ಸುತ್ತು ಓಡಾಡಿದೆ.

"ನನ್ನ ಕೈ ಬಿಟ್ಟು ಬೇರೇನೂ ಸಿಗ್ಲಿಲ್ವಾ ನಿಂಗೆ?" ಬ್ರಿಟಾ ನನ್ನನ್ನೇ ಕೇಳಿದಳು. "ನಾಳೆ ಮಕ್ಕಳ ಮುಂದೆ ನಾನು ಕೈಯಲ್ಲಿ ತೊದಲ್ಬೇಕಾ?"

"ಅಳಿಸಿಬಿಟ್ಟೆ ಮಾರಾಯ್ತಿ."

"ಆಣೆ?"

"ಆಣೆ."

೪

ಶನಿವಾರ ಬೆಳಿಗ್ಗೆ ಹನ್ನೊಂದು. ಹಿಮದ ಮೇಲಿನ ಬಿಸಿಲು ಕಿಟಕಿಯಿಂದ ಕಣ್ಣಿಗೆ ಹೊಡೆಯುತ್ತಿತ್ತು. ಓರಿನ್‌ನ ಗರಗಸ ಕಂಬಳಿ ಹೊದ್ದು ಮೂಲೆಯಲ್ಲಿತ್ತು. ಹೊಸದರ ಮೇಲೆ ಆರ್ಡಿಸ್ ನಾಣ್ಯ ನಿಲ್ಲಿಸಿದಳು. ಸ್ವಿಚ್. ನಾಣ್ಯ ಅಲುಗಲಿಲ್ಲ. ಒಂದು ಹಲಗೆ, ಎರಡು, ಮೂರು.

ಬ್ರಿಟಾ ನಾಲ್ಕನೆಯದನ್ನು ಎತ್ತಿಕೊಂಡಳು. ಗರಗಸಕ್ಕೂ ಅವಳಿಗೂ ಇನ್ನೂ ಎರಡು ಹೆಜ್ಜೆ. ನಾನು 'ನಾಲ್ಕನೆಯ ಹಲಗೆಯನ್ನು ಕೊಯ್ದಳು' ಎಂದು ಟೈಪ್ ಮಾಡುತ್ತಿದ್ದೆ. 'ಕೊಯ್ದಳು' ಬರುವ ಮೊದಲೇ ಢಬ್!

ಬ್ಲೇಡಿನ ಹತ್ತಿರ ಯಾರೂ ಇರಲಿಲ್ಲ. ಯಾವ ಮರವೂ ಇರಲಿಲ್ಲ. ಬ್ರಿಟಾ ತೇವ ಅಳೆಯುವ ಮೀಟರನ್ನು ಹಲಗೆಗೆ ಚುಚ್ಚಿದಳು: ಶೇಕಡಾ ಏಳು. ಮೂಳೆಯಷ್ಟು ಒಣ. ಮೂಲೆಯ ನಾಣ್ಯ ಮಲಗಿತ್ತು.

"ಸದ್ದಿಗೆ ಬಿದ್ದಿರ್ಬೇಕು," ಎಂದಳು ಆರ್ಡಿಸ್. ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

೫

ಸಿಡಿದ ಡಬ್ಬಿಯನ್ನು ಕಂಪನಿಗೆ ಕಳಿಸುವುದು ಇಲ್ಲಿಯವರ ರೂಢಿ. ಒಳಗಿನ ಎಲೆಕ್ಟ್ರಾನಿಕ್ ಚಿಪ್‌ನಲ್ಲಿ ದಾಖಲಾದದ್ದನ್ನು ನೋಡಿ, ತಾಗಿದ್ದು ನಿಜಕ್ಕೂ ಬೆರಳಾಗಿದ್ದರೆ ಹೊಸ ಡಬ್ಬಿ ಪುಕ್ಕಟೆ. ಗುರುವಾರ ಕಂಪನಿಯಿಂದ ಫೋನ್ ಬಂತು. ನಗುಮುಖದ ದನಿ.

"ಬೆರಳು ಹೇಗಿದೆ ಈಗ?"

"ಯಾರ ಬೆರಳು?" ಎಂದಳು ಆರ್ಡಿಸ್.

"ತಾಗಿಸಿದವ್ರದ್ದು. ಇದು ಚರ್ಮಾನೇ, ಅನುಮಾನ ಇಲ್ಲ. ಆದ್ರೆ ಒಂದು ಕೇಳ್ಬೇಕಿತ್ತು. ಯಾರಾದ್ರೂ ತಾಗಿದ ತಕ್ಷಣ ಕೈ ಹಿಂದಕ್ಕೆ ಎಳ್ಕೊತಾರೆ. ಇವ್ರು ಎಳ್ಕೊಂಡಿಲ್ಲ. ಒಳಕ್ಕೆ ಒತ್ತಿದಾರೆ." ಈಗ ದನಿಯಲ್ಲಿ ನಗುವಿರಲಿಲ್ಲ: "ಮನೇಲಿ ಎಲ್ಲರೂ ಚೆನ್ನಾಗಿದೀರಿ ತಾನೆ?"

೬

ಎರಡನೆಯ ಶನಿವಾರ. ಹೊಸ ಡಬ್ಬಿ, ಹೊಸ ಬ್ಲೇಡು. ಕಪಾಟಿನ ಮೇಲೆ ವೀಡಿಯೊ ತೆಗೆಯುವ ಫೋನು. ಮೂರು ಹಲಗೆ ಸರಾಗ, ನಾಲ್ಕನೆಯದಕ್ಕೆ ಕೈ ಹಾಕುವಷ್ಟರಲ್ಲಿ ಢಬ್.

ಅಡುಗೆಮನೆಯಲ್ಲಿ ಕಾಫಿ ಆರಿಹೋಗುವವರೆಗೂ ತಾಯಿ ಮಗಳು ವೀಡಿಯೊ ನೋಡಿದರು. ಸದ್ದಿಗೆ ನಾಣ್ಯ ಬಿದ್ದದ್ದಲ್ಲ. ಮೊದಲು ನಾಣ್ಯ ಮಲಗಿತು, ಉರುಳದೆ, ಮೆಲ್ಲಗೆ, ಮೇಲಿನಿಂದ ಏನೋ ಅದುಮಿದ ಹಾಗೆ. ಆಮೇಲೆ ಸದ್ದು.

ಆರ್ಡಿಸ್ ಫೋನನ್ನು ಬೋರಲು ಹಾಕಿದಳು. ಮಗಳನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ನಾಲ್ಕನೇ ಹಲಗೇಲಿ ಏನು ಬರೆದಿದ್ದೆ ನೀನು?"

(ಇಲ್ಲಿ ಕಥೆಯನ್ನು ತಿರುಗಿಸಲು ನೋಡಿದೆ. ಮುಕ್ತಾಯ ಒಂದು: ಸೆನ್ಸರ್ ಕೆಟ್ಟಿತ್ತು, ಲೋವೆಲ್ ಬಂದು ರಿಪೇರಿ ಮಾಡಿದ, ಸಾಸೇಜು ತಿಂದ. ಮುಕ್ತಾಯ ಎರಡು: ಮನೆಯಲ್ಲಿ ಭೂತ, ಪಾದ್ರಿ ಬಂದರು. ಆರ್ಡಿಸ್ ಎರಡನ್ನೂ ಓದಿ "ಥೂ" ಎಂದಳು.)

"ಸುಳ್ಳು ಹೇಳ್ಬೇಡ. ಏನು ಬರೆದಿದ್ದೆ?"

ಹೇಳಿದೆ. ಅವಳು ಆರಿದ ಕಾಫಿಯನ್ನು ಸಿಂಕಿಗೆ ಸುರಿದಳು.

"ಓರಿನ್ ಗರಗಸ ನಿಲ್ಲಿಸ್ತಿಲ್ಲ ಕಣೋ," ಎಂದಳು ಕೊನೆಗೆ. "ನಿನ್ನನ್ನ ನಿಲ್ಲಿಸ್ತಿದಾನೆ. ಪ್ರತೀ ಸಲ ಕೈ ಒಳಗಿಟ್ಟು."

೭

ಮೂರನೆಯ ಶನಿವಾರ. ಇದೇ ಕೊನೆಯ ಡಬ್ಬಿ. ಬ್ರಿಟಾ ಹಳದಿ ಕೀಯನ್ನು ಹಿಡಿದು ನಿಂತಿದ್ದಳು.

"ಬೇಡ ಕಣೇ," ಎಂದಳು ಆರ್ಡಿಸ್.

"ಅಮ್ಮ, ಅಪ್ಪ ಎಷ್ಟು ಸಲ ಅಂತ ಬ್ಲೇಡಿಗೆ ಕೈ ಒಡ್ಬೇಕು? ಇವನು ಅಳಿಸಿದೀನಿ ಅಂತ ಆಣೆ ಮಾಡಿದಾನೆ. ಅಳಿಸಿದ್ಮೇಲೆ ಭಯ ಏನು?"

ಕೀ ತಿರುಗಿತು. ಬ್ರೇಕು ನಿದ್ದೆ ಹೋಯಿತು. ಒಂದು ಹಲಗೆ, ಎರಡು, ಮೂರು. ಬ್ರಿಟಾ ನಾಲ್ಕನೆಯದನ್ನು ಎತ್ತಿ ಮೇಜಿನ ಅಂಚಿಗೆ ತಂದಳು. ನಾಣ್ಯ ಮಲಗಿತು. ಬ್ಲೇಡು ನಿಲ್ಲಲಿಲ್ಲ. ನಾಣ್ಯ ಎದ್ದು ನಿಂತಿತು, ಮತ್ತೆ ಮಲಗಿತು. ಮತ್ತೆ ಎದ್ದಿತು, ಮತ್ತೆ ಮಲಗಿತು. ಬ್ಲೇಡು ತಿರುಗುತ್ತಲೇ ಇದೆ.

ಈಗ ನಿಮಗೆ ಹೇಳಲೇಬೇಕು. ನಾನು ಅಳಿಸಿರಲಿಲ್ಲ. ಆ ಪುಟ ಚೆನ್ನಾಗಿ ಬಂದಿತ್ತು. ಬೇರೆ ಫೈಲಿಗೆ ಹಾಕಿ ಇಟ್ಟುಕೊಂಡಿದ್ದೆ.

ಈ ಕ್ಷಣ ಅದನ್ನು ಅಳಿಸೋಣವೆಂದರೆ ಎಡಗೈಯ ಎರಡು ಬೆರಳು ಕೀಲಿಮಣೆಯಿಂದ ಮೇಲೇಳುತ್ತಿಲ್ಲ. ತಣ್ಣಗಿರುವ ಏನೋ ಅವುಗಳ ಮೇಲಿದೆ, ನಾಣ್ಯವನ್ನು ಮಲಗಿಸುವ ಹಾಗೆ ಮೆಲ್ಲಗೆ ಅದುಮಿ. ನೋವಿಲ್ಲ. ಆದರೆ ಬಿಡುತ್ತಿಲ್ಲ. ನನ್ನ ಆಣೆಯನ್ನು ಓರಿನ್ ಇನ್ನು ನಂಬುವುದಿಲ್ಲ.

ಬಲಗೈ ಬಿಡುವಾಗಿದೆ, ಆದರೆ ಅದನ್ನು ಆ ಫೈಲಿನ ಕಡೆ ಒಯ್ದರೆ ಎಡಗೈಯ ಮೇಲಿನ ಒತ್ತಡ ಬಿಗಿಯಾಗುತ್ತದೆ. 'ಬ್ರಿಟಾ ಸ್ವಿಚ್ ಆರಿಸಿದಳು' ಎಂದು ಬರೆಯಲು ಹೊರಟೆ. ಅವಳು ಹಲಗೆಯಿಂದ ಕಣ್ಣೆತ್ತದೆ ಹೇಳಿದಳು: "ನನ್ನ ಕೈಯಿಂದ ನೀನು ಸ್ವಿಚ್ ಒತ್ತಿಸಿದ್ರೆ, ಅದೂ ನನ್ನ ಕೈ ಕಿತ್ಕೊಂಡ ಹಾಗೇನೇ. ಮೇಜು ನಂದು, ಮರ ನಮ್ಮಪ್ಪಂದು. ನೀನು ಸುಮ್ನಿರು."

ಸುಮ್ಮನಿದ್ದರೆ ಅವಳು ಹೀಗೇ ನಿಂತಿರುತ್ತಾಳೆ, ಭಾರದ ಹಲಗೆ ಹಿಡಿದು, ತೋಳು ಸೋಲತೊಡಗಿದೆ. ಬರೆದರೆ ಮುಂದಿನ ವಾಕ್ಯ ಎಲ್ಲಿಂದ ಬರುತ್ತದೆ, ನನ್ನಿಂದಲೋ ಆ ಫೈಲಿನಿಂದಲೋ, ನನಗೇ ಗೊತ್ತಿಲ್ಲ. ಮುಕ್ತಾಯ ಮೂರು ನನ್ನ ಬಳಿ ಇಲ್ಲ. ಬಾಗಿಲ ಹತ್ತಿರ ಆರ್ಡಿಸ್ ನನ್ನ ಬಲಗೈಯನ್ನೇ ನೋಡುತ್ತಿದ್ದಾಳೆ. ಮೂಲೆಯಲ್ಲಿ ನಾಣ್ಯ ಇನ್ನೊಮ್ಮೆ ಎದ್ದು ನಿಂತಿತು.

ಕೊನೆಯವರೆಗೆ ಕೇಳಿಸಿಕೊಂಡಿರಿ, ಈಗ ಹೇಳಿ. ಬಿಡುವಿರುವ ಆ ಒಂದು ಕೈ ನಿಮ್ಮದಾಗಿದ್ದರೆ, ನೀವೇನು ಮಾಡುತ್ತಿದ್ದಿರಿ?