ಕೋಕ್-ಬೆಲ್ ಘಟ್ಟದ ಕಂಬ

ನನ್ನ ಬಾಯಿ ಕೆಟ್ಟದ್ದು ಅಂತ ಊರಿಗೆಲ್ಲ ಗೊತ್ತು. ಸರಿ, ಕೆಟ್ಟದ್ದೇ. ಆದರೆ ಫೋನ್ ಕಂಪನಿಯವರು ತಲೆ ಹಾಕಿಯೂ ಮಲಗದ ನಮ್ಮ ಎರಡು ಕಣಿವೆಗಳನ್ನು ಜೋಡಿಸಿದ್ದು ಈ ಬಾಯಿಯೇ. ಬೈದು, ಕಾಡಿ, ಬೇಡಿ, ನಮ್ಮ ಶಾಲೆಯಲ್ಲೊಂದು ಹಳೆಯ ಕಂಪ್ಯೂಟರ್ ಇಡಿಸಿದೆ. ಆಚೆ ಹುಲ್ಲುಗಾವಲಿನ ಹನ್ನೆರಡು ಗುಡಾರಗಳಿಗೆ ಸೇರಿ ಇನ್ನೊಂದು. ಅದು ನನ್ನ ತಂಗಿ ಸಾಯ್ರಾಳ ಗುಡಾರದಲ್ಲಿತ್ತು. ನಡುವೆ ಘಟ್ಟದ ನೆತ್ತಿಯಲ್ಲಿ ಒಂದು ಕಂಬ, ತುದಿಗೆ ಎರಡು ಆಂಟೆನಾ, ಬುಡದಲ್ಲಿ ಬ್ಯಾಟರಿ, ಅದಕ್ಕೆ ಬಿಸಿಲು ಕುಡಿಸುವ ಸೋಲಾರ್ ಹಲಗೆ. ಇಂಟರ್ನೆಟ್ಟೂ ಇಲ್ಲ, ಗಿಂಟರ್ನೆಟ್ಟೂ ಇಲ್ಲ. ಇಲ್ಲಿ ಆಡಿದ್ದು ಅಲ್ಲಿ ಕೇಳುತ್ತದೆ, ಅಷ್ಟೆ.

ಅಪಾಳಿಗೆ, ಅಂದರೆ ನಮ್ಮ ತಾಯಿಗೆ, ಎಂಬತ್ಮೂರು. ಅವಳ ಮೊಣಕಾಲು ಕುದುರೆ ಹತ್ತಲು ಒಪ್ಪುವುದಿಲ್ಲ. ಸಾಯ್ರಾಳಿಗೋ ಎರಡು ಗಂಟೆಗೊಮ್ಮೆ ಕುದುರೆಗಳ ಹಾಲು ಕರೆಯುವ ಕೆಲಸ. ಹಿಮ ಬೀಳುವ ತನಕ ಇಳಿದು ಬರುವಂತಿಲ್ಲ.

"ಅಲ್ಲೀವರ್ಗೂ ನಾನಿರ್ತೀನೋ ಇಲ್ವೋ, ಬೂರುಲ್. ಅವಳ ಧ್ವನಿ ಕಿವೀಗೆ ಬಿದ್ರೆ ಸಾಕು," ಅಂದಿದ್ದಳು ಅಪಾ. ಆ ಮಾತಿಗೇ ನಾನು ಕಂಬ ನಿಲ್ಲಿಸಿದ್ದು. ಊರವರಿಗೆ ಬೇರೆ ಬೇರೆ ಕಾರಣ ಹೇಳಿದ್ದೆ.

ಮೊದಲ ದಿನ ಮಧ್ಯಾಹ್ನವಿಡೀ ಧ್ವನಿ ಬಂತು. ತಾಯಿ ಮಗಳು ಹೆಚ್ಚು ಮಾತಾಡಲಿಲ್ಲ. ಸಾಯ್ರಾ ಚರ್ಮದ ಚೀಲದಲ್ಲಿ ಕುಮಿಸ್, ಅಂದರೆ ಹುಳಿ ಬರಿಸಿದ ಕುದುರೆ ಹಾಲು, ಕಡೆಯುವ ಗುಳುಕ್ ಗುಳುಕ್, ದೂರದ ಕುದುರೆಮರಿಯ ಕೆನೆತ, ಹೊಳೆ, ಗಾಳಿ. ಅಪಾ ಶಾಲೆಯ ಕಂಪ್ಯೂಟರ್ ಮುಂದೆ ಕಣ್ಣು ಮುಚ್ಚಿ ಕೂತಿದ್ದಳು. ಚಹಾ ಆರಿತು. ಕಿಟಕಿಯ ಬಿಸಿಲು ನೆಲದ ಮೇಲಿಂದ ಗೋಡೆಗೆ ಹತ್ತಿತು.

"ಆ ಬೂದು ಕುದುರೆ ಮರಿ ಹಾಕ್ತೇನೇ?"

ತುಸು ಹೊತ್ತು ಬಿಟ್ಟು ಉತ್ತರ ಬರುತ್ತಿತ್ತು, ನಿದ್ದೆಯಲ್ಲಿ ಯಾರೋ ಓಗೊಟ್ಟ ಹಾಗೆ. "ಹಾಕ್ತು ಅಪಾ. ಹಣೇಲಿ ಬಿಳಿ ಚುಕ್ಕೆ."

ಆಮೇಲೆ ಅದೇನಾಯಿತೋ! ಮಧ್ಯಾಹ್ನವಿಡೀ ಬರುತ್ತಿದ್ದ ಧ್ವನಿ ಒಂದು ಗಂಟೆಗಿಳಿಯಿತು, ಕೊನೆಗೆ ಒಂದು ಬಟ್ಟಲು ಚಹಾ ಮುಗಿಯುವಷ್ಟು ಹೊತ್ತು. ಘಟ್ಟ ದಾಟುವವರ ಕೈಗೆ ಅಪಾ ದಿನಾ ಏನೋ ಮಡಿಸಿ ಕೊಡುತ್ತಿದ್ದಳು. ಮಗಳಿಗೆ ತಿಂಡಿಯೇನೋ ಅಂದುಕೊಂಡೆ. ಎಂಟನೆಯ ದಿನ ಸದ್ದೇ ಇಲ್ಲ.

"ನನ್ ಮೇಲೆ ಮುನಿಸ್ಕೊಂಡ್ಳೇನೇ?" ಅಂದಳು ಅಪಾ. ಸಿಕ್ಕಸಿಕ್ಕವರನ್ನೆಲ್ಲ ಬೈಯುತ್ತ ಕುದುರೆ ಹತ್ತಿದೆ.

ನೆತ್ತಿಯಲ್ಲಿ ಕಂಬವೇ ಕಾಣಲಿಲ್ಲ. ಅಡಿಯಿಂದ ಮುಡಿಯವರೆಗೆ ಬಟ್ಟೆ. ಘಟ್ಟದ ಒಂಟಿ ಮರಕ್ಕೆ ಚಿಂದಿ ಕಟ್ಟಿ ಬೇಡಿಕೊಳ್ಳುವುದು ನಮ್ಮಲ್ಲಿ ಅಜ್ಜನ ಕಾಲದ್ದು. ಒಂಟಿ ಕಂಬವನ್ನು ಬಿಟ್ಟಾರೆಯೇ? ಹಲಗೆಯ ಮೇಲಿನ ಕಬ್ಬಿಣದ ತೋಳಿನಿಂದ ಪರದೆಯ ಹಾಗೆ ಜೋತುಬಿದ್ದ ಚಿಂದಿಗಳು ಬಿಸಿಲನ್ನೆಲ್ಲ ನುಂಗುತ್ತಿದ್ದವು. ಅಲ್ಲೇ ಕುರಿ ಕಾಯುವ ಮುದುಕ ಮುಕಾಶ್ ಕೂತಿದ್ದ; ಹಿರಿಯನೆಂದು ನಾವೆಲ್ಲ ಅವನನ್ನು ಬಾಯ್ಕೆ ಅನ್ನುತ್ತೇವೆ.

"ಯಾವ ಮುಠ್ಠಾಳರು ಕಟ್ಟಿದ್ದು ಇದನ್ನ, ಬಾಯ್ಕೆ?"

"ಮೊದಲ್ನೇದು ನಾನೇ," ಅಂದ ಮುದುಕ. "ನಿಮ್ಮ ಅಪಾ ಕಳ್ಸಿದ್ದು. ಮಾತು ನಿಲ್ಲದಿರ್ಲಿ ಅಂತ, ಹೊಳೆಯೋ ಹಲಗೆಗೆ ತಾಕೋ ಹಾಗೆ ಕಟ್ಟೋಕೆ ಹೇಳಿದ್ರು. ಮಾತು ಕಮ್ಮಿ ಆದಷ್ಟೂ ಇನ್ನೊಂದು ತುಂಡು ಹರಿದು ಕಳ್ಸೋರು. ಅದ್ನ ನೋಡಿ ಉಳಿದೋರೂ ಕಟ್ಟಿದ್ರು."

ಎಣಿಸಿದೆ. ನೀಲಿ ಹೂವಿನವು ಎಂಟು ತುಂಡು. ಸಾಯ್ರಾ ಮದುವೆಯಾಗಿ ಹೋಗುವಾಗ ಅಪಾಳಿಗೆ ಹೊದಿಸಿದ್ದ ತಲೆವಸ್ತ್ರ. ಹಬ್ಬಕ್ಕೆ ಮಾತ್ರ ತೆಗೆಯುತ್ತಿದ್ದಳು. ಸುಳ್ಳು ಯಾಕೆ, ಕುದುರೆಯ ಕುತ್ತಿಗೆಗೆ ಮುಖ ಒತ್ತಿ ಅತ್ತೆ.

ಆಮೇಲೆ ಚಾಕು ತೆಗೆದೆ.

"ಏಯ್, ಕೈ ತೆಗಿ! ಇನ್ನೊಬ್ಬರ ಗಂಟು ಬಿಚ್ಚಿದ್ರೆ ಅವ್ರ ಕಷ್ಟ ನಿನ್ ತಲೆಗೆ!"

"ನನ್ ತಲೆ ಹಾಳಾಗ್ಲಿ!" ಅಂದೆ. ಆದರೆ ಕೈ ಏಳಲಿಲ್ಲ. ಬಿಚ್ಚಿದರೆ ಅಪಾಳ ಬೇಡಿಕೆಯನ್ನೇ ಬಿಚ್ಚಿದಂತೆ. ಮೋಡದ ನೆರಳು ಎರಡೂ ಕಣಿವೆಗಳ ಮೇಲೆ ಮೆಲ್ಲಗೆ ಹಾಯ್ದು ಹೋಯಿತು. ಗಂಟು ಬಿಚ್ಚಬಾರದು, ಒಪ್ಪಿದೆ. ಬೋಲ್ಟು ಬಿಚ್ಚಬಾರದು ಅಂತ ಯಾರೂ ಹೇಳಿಲ್ಲವಲ್ಲ! ಚಿಂದಿಗಳ ಕೆಳಗಿನಿಂದ ಹಲಗೆಯನ್ನು ಜಾರಿಸಿ, ವೈರು ಎಟುಕುವಷ್ಟು ದೂರದ ಬಂಡೆಗೆ ಒರಗಿಸಿ, ಕಲ್ಲು ಕೊಟ್ಟು ನಿಲ್ಲಿಸಿದೆವು.

"ಇದಕ್ಕೂ ಕಟ್ಟಿದ್ರೆ?"

"ಕಟ್ಟಿ ನೋಡಿ ಬಾಯ್ಕೆ, ಕೈ ಮುರೀತೀನಿ."

ಮರುದಿನ ಮಧ್ಯಾಹ್ನ ಮೊದಲು ಹೊಳೆಯ ಸದ್ದು ಬಂತು, ಆಮೇಲೆ ಗುಳುಕ್ ಗುಳುಕ್.

"ಸಾಯ್ರಾ?"

"ಇದೀನಿ ಅಪಾ. ಇಲ್ಲೇ ಇದೀನಿ."

ಬಿಸಿಲು ಗೋಡೆ ಹತ್ತಿ ಮಾಯವಾಗುವ ತನಕ ಇಬ್ಬರೂ ಕೂತಿದ್ದರು. ಅಪಾ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ನಿನ್ನ ತಂತಿ-ಗಿಂತಿಯಿಂದ ಏನಾಯ್ತೇ? ಎಂಟನೇ ತುಂಡು ಕಟ್ಸಿದ್ಮೇಲೇ ಮಾತು ಬಂದಿದ್ದು, ನೋಡು."

ಜನ್ಮದಲ್ಲಿ ಒಂದು ಮಾತಿಗೂ ಸೋತವಳಲ್ಲ ನಾನು.

"ಹೌದು ಅಪಾ," ಅಂದೆ. "ಇನ್ನೊಂದು ತುಂಡು ಉಳಿದಿದ್ರೆ ಕೊಡು. ನಾನೇ ಕಟ್ಟಿ ಬರ್ತೀನಿ."