ನೀಲಿಗಟ್ಟಿದ ಡ್ರಮ್ಮು

ನೀಲಿ, ಅಲ್ಲ, ನೇರಳೆ, ಅಂಚಿನಲ್ಲಿ ಒಣಹುಲ್ಲಿನ ಬಣ್ಣ — ಉಕ್ಕಿಗೆ ಇಷ್ಟು ಚೆಂದದ ಬಣ್ಣ ಬರುವುದು ಸುಟ್ಟಾಗ ಮಾತ್ರ, ಎಂದುಕೊಂಡಳು ಒಡೀಲ್, ಮೋಟಾರು ಗರಗಸದ ಪಕ್ಕದ ಮುಚ್ಚಳ ಬಿಚ್ಚಿಟ್ಟು ಎಣ್ಣೆಗಂಟಿದ ಮರದ ಹೊಟ್ಟನ್ನು ಚಿಂದಿಯಿಂದ ಒರೆಸುತ್ತ. ಸರಪಳಿ ತಿರುಗಿಸುವ ಕ್ಲಚ್ ಡ್ರಮ್ಮಿಗೆ ಅಂಟಿದ ಹಲ್ಲುಚಕ್ರವನ್ನು ಸರಪಳಿ ತಿಂದು ಕುಳಿ ಬೀಳಿಸಿದೆ, ಅದು ಸರಿ, ವರ್ಷಗಟ್ಟಲೆ ಮೇಪಲ್ ಕೊಯ್ದರೆ ಯಾವ ಹಲ್ಲಾದರೂ ಸವೆಯುತ್ತದೆ, ಆದರೆ ಈ ನೀಲಿ — ಬ್ರೇಕ್ ಹಾಕ್ಕೊಂಡೇ ಓಡಿಸಿದ್ರೆ ಹಿಂಗಾಗೋದು ಅತ್ತಿಗೆ, ಅಂದಿದ್ದ ಮೈದುನ ನಾರ್ಮಂಡ್, ಅಡುಗೆಮನೆ ಬಾಗಿಲಲ್ಲಿ ಬೂಟು ಕಳಚದೆ ನಿಂತು, ಅಣ್ಣ ಮರದ ಮುಂದೆ ನಿಂತು ಗರಗಸ ಕಿರುಚಿಸ್ತಾನೆ, ಸರಪಳಿ ತಿರುಗೋದೇ ಇಲ್ಲ, ಬ್ರೇಕ್ ತೆಗಿಯೋ ಅಂದ್ರೆ ನಾನ್ಯಾರೋ ಅನ್ನೋ ಹಾಗೆ ನೋಡ್ತಾನೆ. ನಿಂಗೆ ನಿಮ್ಮಣ್ಣನ ಪಾಲಿನ ಕಾಡು ಬೇಕು, ಅದಕ್ಕೆ ಈ ಕಥೆ, ಅಂದುಬಿಟ್ಟಿದ್ದಳು ಅವಳು, ಹಂಚಿನ ಮೇಲೆ ಪ್ಲೋಯ್ ರೊಟ್ಟಿ ಬೇಯುತ್ತಿತ್ತು, ನಾರ್ಮಂಡ್ ಒಂದನ್ನೂ ಮುಟ್ಟದೆ ಹೊರಟುಹೋದ, ನದಿಯಾಚೆಗೆ ಹೋಗುವ ಅವನ ಲಾರಿಯ ಸದ್ದು ಇನ್ನೂ ಕಿವಿಯಲ್ಲಿದೆ, ಪಾಪ, ಅವನು ಸುಳ್ಳು ಹೇಳಿರಲಿಲ್ಲ, ಸಂಜೆ ಫೋನು ಮಾಡಬೇಕು, ಏನಂತ ಮಾಡುವುದು. ಹೊಸ ಡ್ರಮ್ಮು ಬಂದು ಎಷ್ಟೋ ದಿನವಾಯಿತು, ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟಿದ್ದನ್ನು ಇವತ್ತೇ ಹೊರತೆಗೆದಿದ್ದಾಳೆ, ಬಂತೇನೇ ಸಾಮಾನು ಎಂದು ಗಂಡ ದಿನಾ ಬೆಳಗ್ಗೆ ಕೇಳುತ್ತಾನೆ, ಇನ್ನೂ ಇಲ್ಲ ಅನ್ನುತ್ತಾಳೆ, ಈ ಪೋಸ್ಟಿನೋರು ಆಮೆಗೆ ಹುಟ್ಟಿದೋರು ಕಣೇ ಎಂದು ರೊಸೇರ್ ನಗುತ್ತಾನೆ, ದಿನವೂ ಹೊಸ ಮಾತೆಂಬಂತೆ, ಅವಳೂ ನಗುತ್ತಾಳೆ. ರಿಪೇರಿಯಾದರೆ ಅವನು ಕಾಡಿಗೆ ಹೊರಡುತ್ತಾನೆ, ಆಗದಿದ್ದರೆ ಹಿಮ ಬಿದ್ದಾಗ ಒಲೆಗೆ ಸೌದೆಯಿಲ್ಲ, ಹಾಗಾಗಿ ತಾನೇ ಕೊಯ್ಯಬೇಕು, ಇಷ್ಟು ವರ್ಷ ಬರೀ ಸೌದೆ ಒಟ್ಟಿದವಳು, ಅವನು ಮಲಗಿರುವಾಗಲೇ ಇದು ಮುಗಿಯಬೇಕು — ಪ್ಲಗ್ಗು ಬಿಚ್ಚಿದ್ದಾಳೆ, ಆ ತೂತಿನೊಳಗೆ ಹಗ್ಗ ತುರುಕಿದ್ದಾಳೆ, ಎಂಜಿನ್ನು ತಿರುಗದಂತೆ, ಈಗ ಕ್ಲಚ್ಚಿಗೆ ಪಾನಾ ಹಾಕಿ ಮೈಭಾರವೆಲ್ಲ ಬಿಟ್ಟರೂ ಅಲುಗುತ್ತಿಲ್ಲ, ಪಾನಾ ಜಾರಿತು, ಗೆಣ್ಣು ತರಚಿತು, ರಕ್ತಕ್ಕೂ ಗ್ರೀಸಿನದೇ ಬಣ್ಣ. ಹಂಗಲ್ಲಮ್ಮ, ಶೆಡ್ಡಿನ ಬಾಗಿಲಲ್ಲಿ ರೊಸೇರ್, ಬರೀ ಕಾಲುಚೀಲದಲ್ಲಿ, ಅಂಗಿಯ ಗುಂಡಿ ಮೇಲೆ ಕೆಳಗೆ, ಇದು ಉಲ್ಟಾ ತಿರುಪು, ಬಿಗಿ ಮಾಡೋ ಕಡೆ ತಿರುಗಿಸಿದ್ರೆ ಬಿಚ್ಚುತ್ತೆ, ಕೊಡಿ ಇಲ್ಲಿ. ಕೊಡಿ, ಅಂದ, ಕೊಡೇ ಅನ್ನಲಿಲ್ಲ, ಅವಳು ಪಾನಾ ಕೊಟ್ಟಳು, ಒಂದೇ ಎಳೆತ, ಕಟ್ ಎಂದು ಬಿಟ್ಟುಕೊಂಡಿತು, ಕ್ಲಚ್ಚು ಹೊರಗೆ, ಸುಟ್ಟ ಡ್ರಮ್ಮು ಹೊರಗೆ, ಬೇರಿಂಗನ್ನು ಬೆಳಕಿಗೆ ಹಿಡಿದು ನೋಡಿ, ಒರೆಸಿ, ಬೆರಳ ತುದಿಯಲ್ಲಿ ಗ್ರೀಸು ಸವರಿ ಹೊಸ ಡ್ರಮ್ಮು ಕೂರಿಸಿದ, ಬೆಳಗ್ಗೆ ಗುಂಡಿ ಹಾಕಲಾರದ ಬೆರಳುಗಳು ಎಲ್ಲಿಯೂ ತಡವರಿಸಲಿಲ್ಲ, ಅವಳು ನೋಡುತ್ತ ನಿಂತಳು, ಅಳು ಬರಬಹುದು ಎಂದುಕೊಂಡಳು, ಬರಲಿಲ್ಲ, ಗೆಣ್ಣು ಮಾತ್ರ ಉರಿಯುತ್ತಿತ್ತು. ಯಾರದು ಗರಗಸ? ಕೇಳಿದ ಅವನು. ನಂದೇ. ಒಳ್ಳೆ ಮೆಷಿನ್ನು, ಬ್ರೇಕ್ ಹಾಕ್ಕೊಂಡು ಓಡಿಸ್ಬಿಟ್ಟಿದ್ದೀರಿ, ನೋಡಿ ಹೆಂಗೆ ಸುಟ್ಟಿದೆ, ನಿಮ್ಮನೆಯೋರು ಹೇಳ್ಕೊಡ್ಲಿಲ್ವಾ? ಹೇಳ್ಕೊಟ್ಟಿದ್ರು, ಅಂದಳು ಒಡೀಲ್, ನಾನೇ ಮರೆತೆ. ಆಗುತ್ತೆ, ಆಗುತ್ತೆ, ಬೇಜಾರು ಮಾಡ್ಕೋಬೇಡಿ, ಎಂದು ಅವನು ಹೊಸ ಡ್ರಮ್ಮನ್ನು ತೋರುಬೆರಳಿನಿಂದ ಮೀಟಿದ, ಅದು ತಿರುಗಿತು, ಸದ್ದಿಲ್ಲದೆ, ತಿರುಗಿ ನಿಂತಿತು, ಅವಳ ಮುಖ ನೋಡಿ ಇನ್ನೊಮ್ಮೆ ಮೀಟಿದ, ತಿರುಗಿತು, ಹೊಳೆಯುತ್ತ, ಕಲೆಯಿಲ್ಲದೆ, ತಿರುಗುತ್ತ —