ಕ್ಯಾಮೆರಾ ಕಡೆ ನೋಡಬೇಡಿ

ನನ್ನ ಅಮ್ಮನ ಮುಖ ನಾನು ನೋಡಿಲ್ಲ. ಹೀಗೆಂದ ಕೂಡಲೇ ಜನ ಅಯ್ಯೋ ಪಾಪ ಎನ್ನುತ್ತಾರೆ. ಎನ್ನಲಿ ಬಿಡಿ, ಅದಕ್ಕೇನು ಖರ್ಚಿಲ್ಲ. ನಾನು ಅಂಬೆಗಾಲಿಡುತ್ತಿದ್ದಾಗ ಅವಳು ಜ್ವರ ಬಂದು ಹೋದಳಂತೆ. ಅಪ್ಪ ಇನ್ನೊಂದು ಮದುವೆಯಾಗಿ ಬೇರೆ ಊರು ಸೇರಿದ. ಉಳಿದದ್ದು ಒಂದೇ ಒಂದು ಫೋಟೋ, ಅವರ ಮದುವೆಯದು. ಅದರಲ್ಲಿ ಅಪ್ಪ ಕಂಬದ ಹಾಗೆ ನಿಂತಿದ್ದಾನೆ. ಪಕ್ಕದವಳ ಕತ್ತಿನ ಮೇಲೆ ಬರೀ ಬಿಳಿ ಮಬ್ಬು. ಫೋಟೋದವನು ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಅಮ್ಮ ಅತ್ತ ಯಾರನ್ನೋ ನೋಡಲು ತಿರುಗಿದ್ದಳು.

ನನ್ನನ್ನು ಸಾಕಿದವಳು ಅಮ್ಮನ ಅಕ್ಕ, ನನ್ನ ದೊಡ್ಡಮ್ಮ. ಅಮ್ಮ ಹೇಗಿದ್ದಳು ಎಂದು ಅವಳನ್ನು ಕೇಳುತ್ತಿದ್ದೆ. ನಾನು ಅವಳ ಮಾತು ಕೇಳಿದ ದಿನ "ಥೇಟ್ ನಿನ್ನ ಹಾಗೇ ಕಣೇ" ಎನ್ನುತ್ತಿದ್ದಳು. ಹಟ ಮಾಡಿದ ದಿನ "ನಿನ್ನ ಹಾಗಂತೂ ಇರ್ಲಿಲ್ಲ!" ಹೀಗೆ ನನಗೆ ದಿನಕ್ಕೊಂದು ಅಮ್ಮ. ಈಗ ನನ್ನ ತಲೆಯೂ ನರೆತಿದೆ. ಬೀದಿಯ ಕೊನೆಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಕನಸಿನಲ್ಲಿ ಒಮ್ಮೊಮ್ಮೆ ಅಮ್ಮ ಬರುತ್ತಾಳೆ, ನನಗಿಂತ ಎಷ್ಟೋ ಚಿಕ್ಕವಳು. ಬಂದು ಬೆನ್ನು ತಿರುಗಿಸಿಕೊಂಡು ಏನೋ ಹೊಲಿಯುತ್ತಾ ಕೂರುತ್ತಾಳೆ. ಎದ್ದ ಮೇಲೆ ನನಗೆ ಎಲ್ಲರ ಮೇಲೂ ಸಿಟ್ಟು.

ಒಂದು ಬೆಳಿಗ್ಗೆ ಅಂಗಡಿಗೆ ಒಬ್ಬಳು ಸಂಶೋಧಕಿ ಬಂದಳು. ಜನ ಬದುಕುವ ರೀತಿಯನ್ನು ಚಿತ್ರಗಳ ಮೂಲಕ ಅಭ್ಯಾಸ ಮಾಡುವ ಶಾಸ್ತ್ರ ಅವಳದು. ಹಿಂದೆ ಅದೇ ಶಾಸ್ತ್ರದವರು ಊರೂರು ಸುತ್ತಿ, ಕೈಕೆಲಸ ಮಾಡುವವರ ಸಿನಿಮಾ ತೆಗೆದು, ಮ್ಯೂಸಿಯಂನಲ್ಲಿಟ್ಟು ಬೀಗ ಹಾಕಿದ್ದರಂತೆ. ಈಗಿನವರು ಆ ರೀಲುಗಳನ್ನು ಅವರವರ ಮನೆಗಳಿಗೇ ತಂದು ತೋರಿಸಿ, ಇದರಲ್ಲಿ ಏನಾಗುತ್ತಿದೆ ನೀವೇ ಹೇಳಿ ಎಂದು ಕೇಳುತ್ತಾರಂತೆ.

"ತಗೊಂಡು ಹೋಗೋವಾಗ ಕೇಳಿದ್ರಾ?" ಎಂದೆ.

"ಇಲ್ಲ. ಅದಕ್ಕೇ ಈಗ ಮನೆಮನೆ ಬಾಗಿಲು ತಟ್ತಾ ಇದ್ದೀವಿ" ಎಂದು ನಕ್ಕಳು. ಒಳ್ಳೆಯ ನಗು. ಕುರ್ಚಿ ಎಳೆದು ಕೊಟ್ಟೆ.

ಅವಳು ತಂದದ್ದು ಹಳೆಯ ಕೊಡೆ ಕಾರ್ಖಾನೆಯ ಚಿತ್ರ. ನನ್ನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. ಅಮ್ಮ, ದೊಡ್ಡಮ್ಮ ಇಬ್ಬರೂ ದುಡಿದದ್ದು ಅಲ್ಲಿಯೇ. ಚಿತ್ರದಲ್ಲಿ ಯಾರು ಯಾರಿದ್ದಾರೆಂದು ಕೇಳಿದೆ. ಯಾರ ಹೆಸರನ್ನೂ ಬರೆದಿಟ್ಟಿಲ್ಲ ಎಂದಳು. ಅಂದರೆ ಗುರುತು ಹಿಡಿಯಬೇಕಾದವಳು ದೊಡ್ಡಮ್ಮನೊಬ್ಬಳೇ, ಅವಳ ಕಣ್ಣಿಗೋ ಪೊರೆ ಬರುತ್ತಿತ್ತು. ಆ ವಾರ ನಾನು ಹಾಕಿದ ಹೊಲಿಗೆಯೆಲ್ಲ ಡೊಂಕು.

ಭಾನುವಾರ ಮಧ್ಯಾಹ್ನ ದೊಡ್ಡಮ್ಮನ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದೆವು, ಗೋಡೆಗೆ ಬಿಳಿ ಹೊದಿಕೆ ಇಳಿಬಿಟ್ಟೆವು. ದೊಡ್ಡಮ್ಮ ಪೆಟ್ಟಿಗೆಯಲ್ಲಿದ್ದ ಒಳ್ಳೆ ಬಟ್ಟೆ ತೆಗೆದು ಉಟ್ಟುಕೊಂಡು ಗೋಡೆಯ ಹತ್ತಿರಕ್ಕೇ ಕುರ್ಚಿ ಹಾಕಿಸಿಕೊಂಡಳು. ಸಂಶೋಧಕಿ ಪ್ರೊಜೆಕ್ಟರ್ ಹಚ್ಚಿದಳು, ಹೊದಿಕೆಯ ಮೇಲೆ ಬೆಳಕು ಬಿತ್ತು. ಸದ್ದಿಲ್ಲದ, ಬಣ್ಣವಿಲ್ಲದ ಚಿತ್ರ. ಉದ್ದನೆಯ ಹಜಾರ, ಎತ್ತರದ ಕಿಟಕಿಗಳು, ಸಾಲಾಗಿ ಕೂತ ಹೆಂಗಸರು. ಕಪ್ಪು ಬಟ್ಟೆಯನ್ನು ಕಡ್ಡಿಗಳ ಮೇಲೆ ಎಳೆದು, ತುದಿಗೆ ದಾರ ಸುತ್ತಿ, ಗಂಟು ಹಾಕಿ, ಹಲ್ಲಿನಿಂದ ಕಡಿಯುತ್ತಿದ್ದರು. ಆಮೇಲೆ ಒಂದು ಕೊಡೆ ಮೆಲ್ಲಗೆ ಅರಳಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಮಳೆಯಿಲ್ಲದ ಆ ಹಜಾರದ ತುಂಬ ಕೊಡೆಗಳು. ಫ್ಯಾನಿನ ಗಾಳಿಗೆ ಹೊದಿಕೆ ಅಲುಗಿದಾಗ ಇಡೀ ಕಾರ್ಖಾನೆ ಉಸಿರಾಡಿದಂತೆ ಕಂಡಿತು. ನಾನು ಎಚ್ಚರವಿದ್ದೇನೋ ಕನಸಿನಲ್ಲಿದ್ದೇನೋ ತಿಳಿಯಲಿಲ್ಲ.

"ಅಯ್ಯೋ, ನನ್ನ ಸೊಂಟ ನೋಡೇ! ಎಲ್ಲಿ ಹೋಯ್ತೋ ಏನೋ" ಎಂದು ದೊಡ್ಡಮ್ಮ ಕೂಗಿದಳು. "ಇವಳು ಉದ್ದಜಡೆ. ಅವಳು ಕೆಮ್ಮಿನಕ್ಕ, ಅವಳ ಬಾಯಿಗೆ ಬಿದ್ದೋರು ಉದ್ಧಾರ ಆಗ್ಲಿಲ್ಲ."

"ಇವಳಾ ದೊಡ್ಡಮ್ಮ?"

"ಅಲ್ಲ."

"ಆ ಮೂಲೇಲಿರೋಳು?"

"ಅಲ್ಲ ಕಣೇ, ಸುಮ್ನಿರು."

ಯಾರೊಬ್ಬರೂ ತಲೆ ಎತ್ತಲಿಲ್ಲ. ಎಲ್ಲರ ರೆಪ್ಪೆಗಳೂ ಕೆಳಗೆ. ಕೊನೆಗೆ ಚಿತ್ರದಲ್ಲಿದ್ದ ದೊಡ್ಡಮ್ಮನ ಪಕ್ಕ ಒಂದು ಸ್ಟೂಲು ಕಂಡಿತು. ಅದರ ಮುಂದೆ ಅರ್ಧ ಕಟ್ಟಿದ ಕೊಡೆ, ಬಟ್ಟೆಗೆ ಚುಚ್ಚಿಟ್ಟ ಸೂಜಿ. ಸ್ಟೂಲಿನ ಮೇಲೆ ಯಾರೂ ಇಲ್ಲ. ಅಲ್ಲಿಗೆ ರೀಲು ಮುಗಿಯಿತು.

"ಅದು ಅವಳ ಜಾಗ" ಎಂದಳು ದೊಡ್ಡಮ್ಮ.

"ಆವತ್ತು ಕೆಲಸಕ್ಕೆ ಬಂದಿರ್ಲಿಲ್ವಾ?"

"ಬಾರದೆ ಏನು? ಬಂದಿದ್ದೇ ತಪ್ಪಾಯ್ತು. ಕ್ಯಾಮೆರಾದವನು ಬೆಳಿಗ್ಗೇನೇ ಹೇಳಿದ್ದ, ಕ್ಯಾಮೆರಾ ಕಡೆ ನೋಡ್ಬೇಡಿ, ನಾವು ಇಲ್ಲಿ ಇಲ್ಲವೇ ಇಲ್ಲ ಅನ್ಕೊಳ್ಳಿ, ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ ಅಂತ. ನಾವೆಲ್ಲ ಗೊಂಬೆಗಳ ಹಾಗೆ ಕೂತ್ವಿ. ಇವಳು ಕೇಳಬೇಕಲ್ಲ! ಆನೆಯಂಥ ಮನುಷ್ಯ ಎದುರಿಗೆ ನಿಂತಿದ್ದಾನೆ, ಇಲ್ಲ ಅಂತ ಹೇಗೆ ಅನ್ಕೊಳ್ಳಲಿ ಅಂದ್ಲು. ತಲೆ ಎತ್ತೋಳು, ನೋಡೋಳು. ಅವನು ನಿಲ್ಲಿಸೋನು, ಬೈಯೋನು. ಮತ್ತೆ ಶುರು ಮಾಡಿದ್ರೆ ಇವಳು ಮತ್ತೆ ನೋಡೋಳು. ಕೊನೆಗೆ ಸಾಕಾಗಿ ಹೊರಗೆ ಕಳಿಸ್ಬಿಟ್ಟ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಸತ್ತವರ ಮೇಲೆ ಸಿಟ್ಟು ಮಾಡಬಾರದು, ಗೊತ್ತು. ಆದರೂ ಒಂದು ದಿನ, ಒಂದೇ ಒಂದು ದಿನ ತಲೆ ತಗ್ಗಿಸಿ ಕೂತಿದ್ದರೆ ಇವಳ ಗಂಟೇನು ಹೋಗುತ್ತಿತ್ತು? ಮುಖದ ಒಂದು ಮಗ್ಗುಲಾದರೂ ಸಿಗುತ್ತಿತ್ತು ನನಗೆ. ನಾನು ಅತ್ತುಬಿಟ್ಟೆ, ಹೊರಗಿನವಳೊಬ್ಬಳು ಕೂತಿದ್ದಾಳೆಂಬುದೂ ನೆನಪಿಲ್ಲದೆ.

ಸಂಶೋಧಕಿ ದೀಪ ಹಾಕಲಿಲ್ಲ. ಕತ್ತಲಲ್ಲೇ ಹೇಳಿದಳು. "ಆಗಿನ ಕಾಲದಲ್ಲಿ ಜನ ಕ್ಯಾಮೆರಾ ನೋಡಿದ್ರೆ ಆ ಚೂರು ಕೆಟ್ಟುಹೋಯ್ತು ಅಂತ ಲೆಕ್ಕ. ಕತ್ತರಿಸಿ ತೆಗೀತಿದ್ರು. ಆದ್ರೆ ಎಲ್ಲಾನೂ ಎಸೀತಿರ್ಲಿಲ್ಲ, ಕೆಲವು ಡಬ್ಬಿಗಳಲ್ಲಿ ಹಾಗೇ ಬಿದ್ದಿವೆ. ಈಗ ನಾವು ಹುಡುಕ್ತಾ ಇರೋದೇ ಅಂಥ ಚೂರುಗಳನ್ನ. ಸಿಗುತ್ತೆ ಅಂತ ಮಾತು ಕೊಡಲಾರೆ."

ಅವಳು ಹೋದಳು. ನಾನು ಕಾದೆ. ಅಂಗಡಿಗೆ ಬಂದವರೆಲ್ಲ ಸಲಹೆ ಕೊಟ್ಟರು, ಸಲಹೆಗೆ ಬರವೇ? ನಿನ್ನ ಮುಖ, ದೊಡ್ಡಮ್ಮನ ಮುಖ ಎರಡನ್ನೂ ಕಂಪ್ಯೂಟರಿಗೆ ಕೊಟ್ಟರೆ ಅದೇ ನಿನ್ನ ಅಮ್ಮನನ್ನು ಬಿಡಿಸಿಕೊಡುತ್ತದೆ ಎಂದರು. ಆಸೆಯಾಯಿತು. ದೊಡ್ಡಮ್ಮನಿಗೆ ಹೇಳಿದರೆ ಅವಳು ಕಿಡಿಕಿಡಿಯಾದಳು. "ಯಾರೋ ಗೊಂಬೆ ಮಾಡಿಕೊಟ್ರೆ ಅಮ್ಮ ಅಂತ ಕರೀತೀಯಾ? ನನ್ನ ಕಣ್ಣು ಪೂರ್ತಿ ಹೋಗೋವರೆಗೂ ತಡಿ, ಆಮೇಲೆ ಏನಾದ್ರೂ ಮಾಡ್ಕೋ." ಬೆಳಿಗ್ಗೆ ಎದ್ದ ಕೂಡಲೇ ಅವಳು ಎದುರಿನ ಗೋಡೆಯ ಕ್ಯಾಲೆಂಡರನ್ನು ಓದಿ ಕಣ್ಣಿನ ಪರೀಕ್ಷೆ ಮಾಡಿಕೊಳ್ಳುವುದನ್ನು ನಾನು ಬಾಗಿಲ ಸಂದಿಯಿಂದ ಕಂಡೆ. ಮತ್ತೆ ಕಂಪ್ಯೂಟರಿನ ಮಾತೆತ್ತಲಿಲ್ಲ.

ಕಡೆಗೂ ಸಂಶೋಧಕಿ ಬಂದಳು. "ಡಬ್ಬಿ ಸಿಕ್ತು" ಎಂದಳು ಅಷ್ಟೇ. ಮತ್ತೆ ಕಂಬಳಿ, ಮತ್ತೆ ಹೊದಿಕೆ. ಹೊರಗೆ ಬಿಸಿಲು ಸುರಿಯುತ್ತಿತ್ತು, ಒಳಗೆ ನಾವು ಮೂವರು ಕತ್ತಲೆ ಮಾಡಿಕೊಂಡು ಕೂತೆವು.

ಅದೇ ಹಜಾರ, ಅದೇ ಕಿಟಕಿ. ಸ್ಟೂಲಿನ ಮೇಲೆ ಒಬ್ಬಳು ಹುಡುಗಿ. ಬಗ್ಗಿಸಿದ ತಲೆ, ನೇರ ಬೈತಲೆ. ದಾರ ಸುತ್ತುತ್ತಿದ್ದ ಕೈ ನಿಧಾನವಾಯಿತು. ದೊಡ್ಡಮ್ಮ ನನ್ನ ಮೊಣಕೈ ಹಿಡಿದಳು. ಹಿಡಿತ ಬಿಗಿಯಾಯಿತು.

ಹುಡುಗಿ ತಲೆ ಎತ್ತಿದಳು.

ಅಗಲ ಹಣೆ. ದೊಡ್ಡಮ್ಮನದೇ ಮೂಗು. ಮುಂದಿನ ಹಲ್ಲುಗಳ ನಡುವೆ ಸಂದಿ. ನನ್ನ ಹಾಗೆ ಒಂದಿಷ್ಟೂ ಇಲ್ಲ. ಅಷ್ಟು ಕಾಣುವಷ್ಟರಲ್ಲಿ ಆ ಚೂರು ಮುಗಿಯಿತು, ಇನ್ನೊಂದು ಶುರುವಾಯಿತು. ಬಗ್ಗಿದ ತಲೆ ಮತ್ತೆ ಎದ್ದಿತು. ಈ ಸಲ ತುಟಿಗಳ ನಡುವೆ ಸೂಜಿ. ಮತ್ತೊಂದರಲ್ಲಿ ನಗು ತಡೆಯಲಾರದೆ ಉಬ್ಬಿದ ಕೆನ್ನೆ. ಇನ್ನೊಂದರಲ್ಲಿ ಯಾರೋ ಗದರಿಸಿರಬೇಕು, ಹುಬ್ಬು ಗಂಟು, ಆದರೂ ಕಣ್ಣು ಮಾತ್ರ ಅತ್ತಿತ್ತ ಸರಿಯಲಿಲ್ಲ. ಬೇರೆಲ್ಲ ಹೆಂಗಸರು ಕೆಲಸ ಮಾಡುತ್ತಿದ್ದರು. ಇವಳು ನೋಡುತ್ತಿದ್ದಳು. ಹೊದಿಕೆಯಾಚೆ, ಕತ್ತಲ ಕೋಣೆಯೊಳಕ್ಕೆ, ನೇರವಾಗಿ.

ಇಷ್ಟು ವರ್ಷವೂ ನಾನು ಅವಳನ್ನು ನೋಡುವುದರ ಬಗ್ಗೆಯೇ ಯೋಚಿಸಿದ್ದೆ. ಅವಳು ನನ್ನನ್ನು ನೋಡಬಹುದೆಂದು ಎಂದೂ ಹೊಳೆದಿರಲಿಲ್ಲ. ತಡೆದುಕೊಳ್ಳಲಾಗಲಿಲ್ಲ. ಸಿಕ್ಕಿಬಿದ್ದ ಮಗುವಿನ ಹಾಗೆ ನೆಲ ನೋಡುತ್ತಾ ಕೂತುಬಿಟ್ಟೆ.

ದೊಡ್ಡಮ್ಮ ಮೊಣಕೈ ಅಲ್ಲಾಡಿಸಿದಳು. "ತಲೆ ಎತ್ತೇ. ಅಷ್ಟು ಬೈಸ್ಕೊಂಡು ನೋಡ್ತಾ ಇದ್ದಾಳೆ, ನೀನು ನೆಲ ನೋಡ್ತೀಯಲ್ಲ."

ನಾನು ತಲೆ ಎತ್ತಿದೆ. ಅಮ್ಮನೂ ಎತ್ತಿದಳು.